ಬದುಕಿದ್ದವರ ಪಿಂಚಣಿ ನಿಲ್ಲಿಸಿದ ಕಡತ: ಮಂಡ್ಯ ಜಿಲ್ಲೆಯ ಒಂದು ಪ್ರಕರಣ

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಊರು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ ತಿಂಗಳಿಗೆ 1,200 ರೂಪಾಯಿ ಬರುತ್ತಿತ್ತು. 2022ರಲ್ಲಿ ಒಂದು ತಿಂಗಳು ಬರಲಿಲ್ಲ. ತಡವಾಗಿರಬೇಕು ಅಂದುಕೊಂಡರು. ಮುಂದಿನ ತಿಂಗಳೂ ಬರಲಿಲ್ಲ. ಹನ್ನೊಂದು ತಿಂಗಳು ಕಳೆದ ಮೇಲೆ ತಿಳಿಯಿತು, ತಾಲ್ಲೂಕು ಕಚೇರಿಯ ಲೆಕ್ಕದಲ್ಲಿ ಅಜ್ಜಿ ತೀರಿಕೊಂಡು ವರ್ಷವಾಗುತ್ತ ಬಂದಿದೆ ಎಂದು.

ಈ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇದರಲ್ಲಿ ಯಾರೂ ಲಂಚ ಮುಟ್ಟಿಲ್ಲ. ದಲ್ಲಾಳಿ ಇಲ್ಲ, ಕಮಿಷನ್ ಇಲ್ಲ, ಶಾಸಕರ ಕಡೆಯ ಫೋನೂ ಇಲ್ಲ. ಸರ್ಕಾರಿ ನೌಕರರ ನಡತೆ ಎಂದ ಕೂಡಲೇ ನಮಗೆ ನೆನಪಾಗುವುದು ಲೋಕಾಯುಕ್ತರ ಟ್ರ್ಯಾಪ್, ಪುಡಿ ಸವರಿದ ನೋಟು, ದ್ರಾವಣದಲ್ಲಿ ಅದ್ದಿದಾಗ ಗುಲಾಬಿ ಬಣ್ಣಕ್ಕೆ ತಿರುಗುವ ಬೆರಳು. ಬಣ್ಣ ತಿರುಗುವ ಬೆರಳೇ ಇಲ್ಲದ ಕಡೆ ಹೊಣೆಯನ್ನು ಯಾರ ಮೇಲೆ ಹೊರಿಸುವುದು? ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ, ನಿವೃತ್ತಿಯಾದ ಮೇಲೆ ಊರಿನವರಿಗೆ ಅರ್ಜಿ, ಮೇಲ್ಮನವಿ ಬರೆದುಕೊಡುತ್ತಿರುವ ನನಗೆ ಲಂಚದ ಕಥೆಗಳಿಗಿಂತ ಇಂಥ ಕಡತಗಳೇ ಹೆಚ್ಚು ಕಾಡುತ್ತವೆ. ಊರು, ಹೋಬಳಿ, ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಸಿಗದಿರಲೆಂದು ಇದೇ ಜಾಡಿನ ಇನ್ನೊಂದೆರಡು ಕಡತಗಳ ವಿವರವನ್ನೂ ಇದರೊಳಗೇ ಸೇರಿಸಿದ್ದೇನೆ.

ನಡೆದದ್ದು

ಸಂಧ್ಯಾ ಸುರಕ್ಷಾ 2007ರಲ್ಲಿ ಶುರುವಾದ ಯೋಜನೆ, 65 ತುಂಬಿದ ಬಡವರಿಗೆ. ಸಾವಿರವಿದ್ದ ಮೊತ್ತ 2021ರಲ್ಲಿ 1,200 ಆಯಿತು. ಅದೇ ವರ್ಷ ‘ಮನೆ ಬಾಗಿಲಿಗೆ ಮಾಸಾಶನ’ ಎಂಬ ಕಾರ್ಯಕ್ರಮವೂ ಬಂತು. ಅರ್ಹರು ಕಚೇರಿಗೆ ಅಲೆಯಬೇಕಿಲ್ಲ, ಊರಿನ ಕಂದಾಯದ ಕೆಲಸ ನೋಡುವ ಗ್ರಾಮ ಲೆಕ್ಕಿಗರೇ ಮನೆಗೆ ಬಂದು ಮಾಡಿಕೊಡುತ್ತಾರೆ ಎಂಬುದು ಅದರ ಆಶಯ. ಮಾಸಾಶನ ಕೊಡುವುದಕ್ಕೆ ಬಾಗಿಲವರೆಗೆ ಬರಬೇಕೆಂದು ಯೋಚಿಸಿದ ಸರ್ಕಾರಕ್ಕೆ, ನಿಲ್ಲಿಸುವಾಗಲೂ ಬಾಗಿಲವರೆಗೆ ಹೋಗಬೇಕು ಎಂದು ಹೊಳೆಯಲಿಲ್ಲ.

ಹಣ ನಿಂತಾಗ ಮೊದಲ ಅನುಮಾನ ಬ್ಯಾಂಕಿನ ಮೇಲೆ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದರೆ ಕೊನೆಯ ಸಾಲು ಹಳೆಯದೇ. ‘ಸರ್ಕಾರದಿಂದಲೇ ಬಂದಿಲ್ಲ ಅಜ್ಜಿ’ ಅಂದರು ಕೌಂಟರಿನವರು. ಸೈಬರ್ ಸೆಂಟರಿನ ಹುಡುಗ ‘ಆಧಾರ್ ಲಿಂಕ್ ಬಿಟ್ಟೋಗಿರ್ಬೇಕು’ ಎಂದು ನೂರು ರೂಪಾಯಿ ತೆಗೆದುಕೊಂಡು ಏನೇನೋ ಒತ್ತಿದ. ಆಧಾರ್ ಸರಿಯಾಗಿಯೇ ಇತ್ತು. ನಾಡಕಚೇರಿಯಲ್ಲಿ ‘ಬಜೆಟ್ ಬಂದಿಲ್ಲ, ಎಲ್ಲರದೂ ನಿಂತಿದೆ’ ಎಂಬ ಉತ್ತರ. ಎಲ್ಲರದೂ ನಿಂತಿರಲಿಲ್ಲ, ಪಕ್ಕದ ಮನೆಯವರಿಗೆ ಬರುತ್ತಿತ್ತು. ಕೌಂಟರಿನಲ್ಲಿ ಕೂತವರಿಗೆ ಆ ಅಜ್ಜಿಯ ಹೆಸರನ್ನು ಕಂಪ್ಯೂಟರಿನಲ್ಲಿ ಹೊಡೆದು ನೋಡುವುದಕ್ಕೆ ಎರಡು ನಿಮಿಷ ಸಾಕಿತ್ತು. ನೋಡದೆ ಕೊಟ್ಟ ಆ ಉತ್ತರದಿಂದ ಮೂರು ನಾಲ್ಕು ತಿಂಗಳು ಹೋದವು.

ಮಗ ಬೆಂಗಳೂರಿನಲ್ಲಿ ಡ್ರೈವರ್. ಊಟಕ್ಕೇನೂ ಕೊರತೆಯಿರಲಿಲ್ಲ. 1,200 ಎಂದರೆ ಅಜ್ಜಿಗೆ ಬಿ.ಪಿ. ಮಾತ್ರೆ, ಎಲೆ ಅಡಿಕೆ, ಮೊಮ್ಮಗಳ ಕೈಗೆ ಹತ್ತು ಇಪ್ಪತ್ತು. ಸೊಸೆಯ ಮುಂದೆ ಕೈಚಾಚದೆ ಇರುವ ಸ್ವಾತಂತ್ರ್ಯ. ಹಣ ನಿಂತ ಮೇಲೆ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು ಎಂದು ಸೊಸೆಯೇ ಆಮೇಲೆ ಹೇಳಿದಳು, ಅವಳಿಗೂ ಗೊತ್ತಾಗಿದ್ದು ತಡವಾಗಿ.

ಆ ಹನ್ನೊಂದು ತಿಂಗಳೂ ಅಜ್ಜಿ ನ್ಯಾಯಬೆಲೆ ಅಂಗಡಿಗೆ ಹೋಗಿ ಬೆರಳು ಒತ್ತಿ ರೇಷನ್ ತಂದಿದ್ದಾರೆ. ಪ್ರತಿ ಸಲ ಯಂತ್ರ ಒಂದು ಚೀಟಿ ಉಗುಳುತ್ತದೆ, ಅದರ ಮೇಲೆ ದಿನಾಂಕ, ಕಾರ್ಡ್ ಸಂಖ್ಯೆ, ಕೊಟ್ಟ ಅಕ್ಕಿ ರಾಗಿಯ ಲೆಕ್ಕ. ಆ ಚೀಟಿಗಳನ್ನು ಅಜ್ಜಿ ಎಸೆಯುವವರಲ್ಲ, ಎಲೆ ಅಡಿಕೆ ಚೀಲದಲ್ಲಿ ಮಡಿಸಿ ಇಟ್ಟಿದ್ದರು. ಕೆಲವದರ ಅಕ್ಷರ ಮಾಸಿ ಬಿಳಿಯಾಗಿತ್ತು. ಉಳಿದ ಚೀಟಿಗಳೇ ಮುಂದೆ ದಾಖಲೆಯಾದವು. ಆಹಾರ ಇಲಾಖೆಗೆ ತಿಂಗಳು ತಿಂಗಳೂ ಬೆರಳು ಕೊಡುವ ಹೆಂಗಸು ಕಂದಾಯ ಇಲಾಖೆಗೆ ‘ಮೃತ’.

ವಿಷಯ ಹೊರಬಿದ್ದದ್ದು ಹೋಬಳಿ ಕೇಂದ್ರದಲ್ಲಿ ನಡೆದ ಪಿಂಚಣಿ ಅದಾಲತ್‌ನಲ್ಲಿ, ಅಂದರೆ ಪಿಂಚಣಿಯ ದೂರುಗಳನ್ನು ಕೇಳುವ ಸಭೆಯಲ್ಲಿ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೇಜಿನ ಮೇಲೆ ಲ್ಯಾಪ್‌ಟಾಪು. ಅಜ್ಜಿಯ ಆಧಾರ್ ಸಂಖ್ಯೆ ಹೊಡೆದು ನೋಡಿದ ಸಿಬ್ಬಂದಿ ಪರದೆಯಿಂದ ಕಣ್ಣೆತ್ತದೆ ಕೇಳಿದರು: ‘ಇವ್ರು ತೀರ್ಕೊಂಡಿದಾರಲ್ಲ, ನೀವ್ಯಾರು, ಸೊಸೇನಾ? ಯಾರ ಪರವಾಗಿ ಬಂದಿರೋದು?’

‘ನನ್ ಪರ್ವಾಗೇ ಬಂದಿವ್ನಿ ಸ್ವಾಮಿ. ಸತ್ತೋಗಿರೋಳು ನಾನೇಯ.’

ಸುತ್ತಲಿದ್ದವರು ನಕ್ಕರು. ಅಜ್ಜಿಯೂ ನಕ್ಕರು. ‘ಸತ್ತಿದ್ರೆ ತಿಥಿ ಊಟಕ್ಕೆ ನಿಮ್ಮುನ್ನೂ ಕರೀತಿದ್ವಿ’ ಅಂದರು. ಸಿಬ್ಬಂದಿ ಮಾತ್ರ ಮುಖ ಕೆಳಗೆ ಹಾಕಿ ‘ಅರ್ಜಿ ಕೊಟ್ಟೋಗಿ, ನೋಡ್ತೀವಿ’ ಅಂದರು.

‘ಹೊಸ ಅರ್ಜಿ ಹಾಕಿಬಿಡಿ’

ಈ ಪ್ರಕರಣದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅದಾಲತ್ ಮುಗಿದ ಮೇಲೆ ತಾಲ್ಲೂಕು ಕಚೇರಿಯ ವಿಷಯ ನಿರ್ವಾಹಕರು (ಪಿಂಚಣಿ ಕಡತಗಳನ್ನು ನೋಡಿಕೊಳ್ಳುವ ಗುಮಾಸ್ತರು) ಅಜ್ಜಿಯನ್ನು ಪ್ರೀತಿಯಿಂದಲೇ ಮಾತಾಡಿಸಿದರು. ‘ಹಳೇದನ್ನ ಕೆದಕೋದು ಬೇಡ ಅಜ್ಜಿ. ಹೊಸದಾಗಿ ಒಂದು ಅರ್ಜಿ ಹಾಕಿಬಿಡಿ, ನಾನೇ ಮುಂದೆ ನಿಂತು ಬೇಗ ಮಂಜೂರು ಮಾಡಿಸ್ತೀನಿ.’ ಕೇಳಿದವರಿಗೆ ಇದು ಉಪಕಾರ. ಅಲೆದಾಟ ತಪ್ಪುತ್ತದೆ, ದುಡ್ಡು ಮತ್ತೆ ಶುರುವಾಗುತ್ತದೆ. ಅಜ್ಜಿಯ ಮಗ ಫೋನಿನಲ್ಲೇ ‘ಹಾಕಿಬಿಡಿ’ ಎಂದ.

ಹೊಸ ಅರ್ಜಿ ಹಾಕಿದರೆ ಆಗುವುದೇನು? ಹೊಸ ಮಂಜೂರಾತಿ ಆದೇಶ, ಹೊಸ ಸಂಖ್ಯೆ, ಆದೇಶದ ದಿನದಿಂದ ಹಣ. ನಿಂತ ತಿಂಗಳುಗಳ ಬಾಕಿ ಕೇಳುವುದಕ್ಕೆ ಆಧಾರವೇ ಇರುವುದಿಲ್ಲ, ಏಕೆಂದರೆ ಕಡತದ ಪ್ರಕಾರ ಈಕೆ ಇಂದು ಫಲಾನುಭವಿಯಾದವರು. ಹಳೆಯ ಕಡತದಲ್ಲಿ ‘ಮೃತರಾದ್ದರಿಂದ ರದ್ದು’ ಎಂಬ ಆದೇಶ ಹಾಗೇ ಉಳಿಯುತ್ತದೆ, ತಪ್ಪು ಎಂದು ಯಾರೂ ಬರೆಯುವುದಿಲ್ಲ. ಸುಳ್ಳು ವರದಿ ಕೊಟ್ಟವರು, ಅದಕ್ಕೆ ರುಜು ಹಾಕಿದವರು ಎಲ್ಲರೂ ದಾಖಲೆಯಲ್ಲಿ ಸರಿಯಾಗಿಯೇ ಕೆಲಸ ಮಾಡಿದವರಾಗಿ ಉಳಿಯುತ್ತಾರೆ. ಅಜ್ಜಿಗೆ 1,200 ಮರಳುತ್ತದೆ, ಅದರ ಬದಲಿಗೆ ಕಚೇರಿಯ ತಪ್ಪು ಅಳಿಸಿಹೋಗುತ್ತದೆ. ಇಂಥ ಕೊಡುಕೊಳ್ಳುವಿಕೆ ನಮ್ಮ ಕಚೇರಿಗಳಲ್ಲಿ ದಿನವೂ ನಡೆಯುತ್ತದೆ. ಪಹಣಿಯಲ್ಲಿ ಹೆಸರು ತಪ್ಪಾದರೆ, ಪಡಿತರ ಚೀಟಿಯಿಂದ ಹೆಸರು ಬಿಟ್ಟುಹೋದರೆ ಮೊದಲು ಬರುವ ಸಲಹೆ ‘ಹೊಸದಾಗಿ ಕೊಡಿ’.

ನಾನು ಅಜ್ಜಿಗೆ ಹೇಳಿದ್ದು ಇಷ್ಟು: ಹೊಸ ಅರ್ಜಿ ಬೇಡ, ರದ್ದು ಮಾಡಿದ ಆದೇಶವನ್ನೇ ರದ್ದು ಮಾಡಲಿ. ಇದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ ಎಂದೂ ಹೇಳಿದೆ. ಅವರು ಒಂದು ರಾತ್ರಿ ಯೋಚಿಸಿ ಒಪ್ಪಿದರು. ‘ಕಾಯ್ದಿದ್ದು ಕಾಯ್ದಾಯ್ತು ಕಣಪ್ಪ, ಸತ್ತೋಳು ಅಂತ ಬರ್ದಿರೋದ್ನ ಅಳ್ಸೇ ಹೋಗಾನ’ ಎಂದರು. ಇಂಥ ದಾರಿಯನ್ನು ಎಲ್ಲರಿಗೂ ಹೇಳಲಾರೆ. ಮನೆಯಲ್ಲಿ ಒಲೆ ಉರಿಯುವುದೇ ಆ ದುಡ್ಡಿನಿಂದ ಎಂದಾಗ ತತ್ವಕ್ಕಾಗಿ ಕಾಯಿರಿ ಎನ್ನಲು ನಾನ್ಯಾರು?

ಕಡತದ ಒಳಗೆ

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೇರಿರಬೇಕು. ಬಿ.ಪಿ.ಎಲ್. ಕುಟುಂಬಕ್ಕೆ ಶುಲ್ಕವಿಲ್ಲ. ಕೇಳಿದ್ದು ಪಿಂಚಣಿ ರದ್ದಾದ ಕಡತದ ಟಿಪ್ಪಣಿ ಹಾಳೆ ಮತ್ತು ಅದಕ್ಕೆ ಆಧಾರವಾದ ವರದಿ. ಬೇರೆ ಅರ್ಜಿಗಳಲ್ಲಿ ಆ ಊರಿನ ಮರಣ ನೋಂದಣಿ ಪುಸ್ತಕದ ನಕಲು, ಗ್ರಾಮ ಲೆಕ್ಕಿಗರ ಆ ತಿಂಗಳ ದಿನಚರಿ. ಮೂವತ್ತು ದಿನ ಕಳೆದರೂ ಉತ್ತರವಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ಕಾಗದಗಳು ಬಂದವು. ಮಾಹಿತಿ ಆಯೋಗದವರೆಗೆ ಹೋಗಿದ್ದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ಅಧಿಕಾರಿಯ ಕೈಯಿಂದಲೇ ದಂಡ ಕಟ್ಟಬೇಕಾಗಿ ಬರಬಹುದಿತ್ತು. ಮೇಲ್ಮನವಿಯ ಹಂತದಲ್ಲೇ ಕಾಗದ ಹೊರಬರುವುದಕ್ಕೆ ಆ ಭಯವೂ ಒಂದು ಕಾರಣ.

ವರದಿ ಎಂದರೆ ಒಂದು ಪಟ್ಟಿ. ವಾರ್ಷಿಕ ಪರಿಶೀಲನೆಯಲ್ಲಿ ಮೃತರೆಂದು ಗುರುತಿಸಿದ ಮೂವತ್ತಕ್ಕೂ ಹೆಚ್ಚು ಹೆಸರು. ಕೊನೆಯ ಅಂಕಣದಲ್ಲಿ ಪ್ರತಿ ಹೆಸರಿನ ಎದುರಿಗೂ ಒಂದೇ ವಾಕ್ಯ, ಒಂದಕ್ಷರವೂ ಆಚೀಚೆ ಇಲ್ಲ: ‘ಖುದ್ದು ಸ್ಥಳ ಪರಿಶೀಲನೆ ನಡೆಸಲಾಗಿ, ಸದರಿ ಫಲಾನುಭವಿಯು ಮೃತಪಟ್ಟಿರುವುದು ಕಂಡುಬಂದಿರುತ್ತದೆ.’ ಒಮ್ಮೆ ಹೊಡೆದು ಕೆಳಗೆಲ್ಲ ಎಳೆದದ್ದು. ಪಟ್ಟಿಯ ಕೆಳಗೆ ಗ್ರಾಮ ಲೆಕ್ಕಿಗರ ರುಜು, ಅವರ ಮೇಲಿನ ರಾಜಸ್ವ ನಿರೀಕ್ಷಕರ (ರೆವಿನ್ಯೂ ಇನ್‌ಸ್ಪೆಕ್ಟರ್) ರುಜು.

ಟಿಪ್ಪಣಿ ಹಾಳೆ ಇನ್ನೂ ಚುಟುಕು. ‘ಗ್ರಾ.ಲೆ. ಹಾಗೂ ರಾ.ನಿ. ವರದಿಯಂತೆ ಕ್ರಮಕ್ಕಾಗಿ ಮಂಡಿಸಿದೆ’ ಎಂದು ವಿಷಯ ನಿರ್ವಾಹಕರು. ‘ಮೇಲಿನಂತೆ’ ಎಂದು ಶಿರಸ್ತೇದಾರರು. ‘ಅನುಮೋದಿಸಿದೆ’ ಎಂದು ತಹಶೀಲ್ದಾರರು. ಮೂರೂ ಒಂದೇ ದಿನಾಂಕ. ಐದು ಜನ ನೋಡಿದ್ದಾರೆ ಎನ್ನುತ್ತದೆ ಕಾಗದ. ನೋಡಬೇಕಾದವರು ಒಬ್ಬರೇ, ಅವರು ನೋಡಿರಲಿಲ್ಲ. ಉಳಿದ ನಾಲ್ವರು ನೋಡಿದ್ದು ಹಿಂದಿನವರ ರುಜುವನ್ನು.

ದಿನಚರಿಯ ಪ್ರಕಾರ ಸ್ಥಳ ಪರಿಶೀಲನೆ ನಡೆದ ದಿನ ಗ್ರಾಮ ಲೆಕ್ಕಿಗರು ಬೆಳಿಗ್ಗೆಯಿಂದ ಸಂಜೆಯವರೆಗೆ ತಾಲ್ಲೂಕು ಕೇಂದ್ರದ ಸಭೆಯಲ್ಲಿದ್ದರು. ಅಂದರೆ ‘ಖುದ್ದು’ ಎಂಬುದು ಅವರದೇ ಕೈಬರಹದ ಇನ್ನೊಂದು ಕಾಗದದ ಎದುರು ಸುಳ್ಳಾಯಿತು.

ಮೂರನೆಯ ಕಾಗದ ಕಥೆಯನ್ನು ಬೇರೆ ಕಡೆಗೆ ತಿರುಗಿಸಿತು. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವನ್ನು 21 ದಿನದೊಳಗೆ ಬರೆಸಬೇಕು. ಆಗ ಹಳ್ಳಿಗಳಲ್ಲಿ ನೋಂದಣಾಧಿಕಾರಿ ಗ್ರಾಮ ಲೆಕ್ಕಿಗರೇ. ಪುಸ್ತಕದಲ್ಲಿ ಅಜ್ಜಿಯದೇ ಹೆಸರಿನ ಇನ್ನೊಬ್ಬ ಹೆಂಗಸಿನ ಸಾವು ದಾಖಲಾಗಿತ್ತು. ಗಂಡನ ಹೆಸರು ಬೇರೆ, ವಯಸ್ಸು ಬೇರೆ, ಮನೆ ಊರಿನ ಇನ್ನೊಂದು ಬೀದಿಯಲ್ಲಿ. ನಮ್ಮ ಕಡೆ ಒಂದೇ ಹೆಸರಿನವರು ಒಂದು ಊರಿನಲ್ಲಿ ನಾಲ್ಕು ಜನ ಇರುವುದು ಮಾಮೂಲು, ಆದ್ದರಿಂದಲೇ ಗಂಡನ ಹೆಸರಿನ ಅಂಕಣ ಇರುವುದು. ಪಿಂಚಣಿ ನಿಂತಿದ್ದು ಬದುಕಿದ್ದ ಅಜ್ಜಿಯದು. ಸತ್ತ ಅಜ್ಜಿಯ ಪಿಂಚಣಿ ಅವರ ಖಾತೆಗೆ ತಪ್ಪದೆ ಬೀಳುತ್ತಿತ್ತು, ಮೊಮ್ಮಗ ಎ.ಟಿ.ಎಂ.ನಲ್ಲಿ ತೆಗೆಯುತ್ತಿದ್ದ. ಊರಲ್ಲಿ ಕೆಲವರಿಗೆ ಇದು ಗೊತ್ತಿತ್ತು. ‘ಬಡವರು, ತಿನ್ಲಿ ಬಿಡಿ’ ಎಂದು ಸುಮ್ಮನಿದ್ದರು. ಸರ್ಕಾರದ ದುಡ್ಡಿನ ವಿಷಯದಲ್ಲಿ ಊರಿನ ಈ ಧಾರಾಳವನ್ನೂ ಪ್ರಕರಣದ ಲೆಕ್ಕಕ್ಕೆ ಸೇರಿಸಲೇಬೇಕು.

ಗ್ರಾಮ ಲೆಕ್ಕಿಗರ ಮಾತು

ಅವರು ಬೇರೆ ಜಿಲ್ಲೆಯ ಹುಡುಗ. ಪರೀಕ್ಷೆ ಬರೆದು ಬಂದವರು, ದುರಹಂಕಾರಿಯಲ್ಲ. ಹುದ್ದೆಗಳು ಖಾಲಿಯಿದ್ದುದರಿಂದ ಒಂದು ವೃತ್ತದ (ಒಬ್ಬ ಲೆಕ್ಕಿಗರಿಗೆ ಒಪ್ಪಿಸಿದ ಊರುಗಳ ಗುಂಪು) ಸಂಬಳಕ್ಕೆ ಮೂರು ವೃತ್ತದ ಪ್ರಭಾರ. ತಾಲ್ಲೂಕು ಕಚೇರಿಯ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಹೇಳಿದರು:

‘ಪಟ್ಟಿ ಬೆಳಿಗ್ಗೆ ಹನ್ನೊಂದಕ್ಕೆ ಗ್ರೂಪಿಗೆ ಬಿತ್ತು ಸಾರ್. ಸಂಜೆ ಐದರೊಳಗೆ ನೂರಕ್ಕೆ ನೂರು ಆಗಿರಬೇಕು ಅಂತ ಮೆಸೇಜು. ಬಾಕಿ ಇರೋ ವೃತ್ತಗಳನ್ನ ಕೆಂಪು ಬಣ್ಣದಲ್ಲಿ ಹಾಕಿದ್ರು, ನನ್ನವು ಮೂರೂ ಕೆಂಪು. ಗ್ರಾಮ ಸಹಾಯಕನಿಗೆ ಫೋನ್ ಮಾಡಿ ಹೆಸರು ಹೇಳ್ತಾ ಹೋದೆ. ಈ ಅಜ್ಜಿ ಹೆಸರು ಹೇಳ್ದಾಗ, ಹೂಂ ಸಾರ್, ಹೋಗಿ ತಿಂಗ್ಳಾಯ್ತು ಅಂದ.’

ಗ್ರಾಮ ಸಹಾಯಕ ಸುಳ್ಳು ಹೇಳಿರಲಿಲ್ಲ. ಅವನ ಮನಸ್ಸಿನಲ್ಲಿದ್ದುದು ಸತ್ತ ಅಜ್ಜಿ. ‘ಇಂಥವರ ಹೆಂಡತಿ’ ಎಂದು ಕೇಳಿದ್ದರೆ ಅಲ್ಲೇ ತಿದ್ದುತ್ತಿದ್ದ.

ಆ ದಿನ ಆ ಹುಡುಗ ಮೂರು ವೃತ್ತದ ಮನೆಮನೆಗೆ ಹೋಗುವುದು ಸಾಧ್ಯವೇ ಇರಲಿಲ್ಲ, ಇದನ್ನು ಒಪ್ಪಲೇಬೇಕು. 2024ರಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು (ಲೆಕ್ಕಿಗರ ಈಗಿನ ಹೆಸರು ಅದೇ) ಮುಷ್ಕರಕ್ಕೆ ಕೂತದ್ದು ಹತ್ತಾರು ಆ್ಯಪ್‌ಗಳ ಹೊರೆಯನ್ನು ಮುಂದಿಟ್ಟುಕೊಂಡೇ. ಆದರೆ ಹೋಗಲಾಗಲಿಲ್ಲ ಎಂಬುದು ಒಂದು, ಹೋಗಿದ್ದೆ ಎಂದು ಬರೆದದ್ದು ಇನ್ನೊಂದು. ‘ದೂರವಾಣಿ ಮೂಲಕ ವಿಚಾರಿಸಲಾಗಿದೆ, ಸ್ಥಳ ಪರಿಶೀಲನೆ ಬಾಕಿ’ ಎಂದು ಬರೆಯುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಹಾಗೆ ಬರೆದಿದ್ದರೆ ಪಟ್ಟಿ ಕೆಂಪಾಗಿಯೇ ಉಳಿಯುತ್ತಿತ್ತು, ಸಂಜೆಯೊಳಗೆ ಕಾರಣ ಕೇಳಿ ನೋಟಿಸ್ ಬರುತ್ತಿತ್ತು. ನಿಜ ಬರೆದರೆ ಸಂಜೆಗೇ ನೋಟಿಸ್, ಸುಳ್ಳು ಬರೆದರೆ ಹನ್ನೊಂದು ತಿಂಗಳು ಕೇಳುವವರಿಲ್ಲ. ಇಂಥ ಕಡೆ ಹೊಸ ನೌಕರ ಎಷ್ಟು ದಿನ ನಿಜ ಬರೆದಾನು?

ನಡತೆ ನಿಯಮಗಳು ಈ ಪ್ರಶ್ನೆಯನ್ನು ಹುಡುಗನಿಗೆ ಮಾತ್ರ ಕೇಳುವುದಿಲ್ಲ. ನೌಕರ ಪೂರ್ಣ ಪ್ರಾಮಾಣಿಕತೆ, ಕರ್ತವ್ಯನಿಷ್ಠೆ ಕಾಯ್ದುಕೊಳ್ಳಬೇಕು ಎಂದು ಹೇಳಿದ ಬೆನ್ನಿಗೇ, ಮೇಲ್ವಿಚಾರಣೆಯ ಹುದ್ದೆಯಲ್ಲಿರುವವರು ತಮ್ಮ ಕೈಕೆಳಗಿನವರ ಪ್ರಾಮಾಣಿಕತೆಗೂ ಎಚ್ಚರ ವಹಿಸಬೇಕು ಎನ್ನುತ್ತವೆ. ಐದು ಗಂಟೆಯ ಗಡುವು ಹಾಕಿದವರು, ಆ ಗಡುವಿನಲ್ಲಿ ಸ್ಥಳ ಪರಿಶೀಲನೆ ಆಗದೆಂದು ತಿಳಿದೂ ‘ಸ್ಥಳ ಪರಿಶೀಲಿಸಿದೆ’ ಎಂಬ ವರದಿಯನ್ನು ಪಡೆದುಕೊಂಡವರು, ಈ ಎರಡನೆಯ ಮಾತಿಗೆ ಉತ್ತರ ಹೇಳಬೇಕಾದವರು. ಆಮೇಲೆ ಕಚೇರಿ ನಡೆಸಿದ ವಿಚಾರಣೆಯಲ್ಲಿ ಆ ಗಡುವಿನ ಸಂದೇಶವನ್ನು ಯಾರೂ ಕೇಳಲೇ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಆದೇಶಕ್ಕೆ ಕಡತದಲ್ಲಿ ಪುಟಸಂಖ್ಯೆ ಇರುವುದಿಲ್ಲ.

ಯಾವ ಕಾನೂನಿನ ಕೈಗೆ ಸಿಗುತ್ತದೆ?

ಭ್ರಷ್ಟಾಚಾರ ತಡೆ ಕಾಯ್ದೆ ಇಲ್ಲಿ ಕೆಲಸಕ್ಕೆ ಬಾರದು, ನೌಕರರಲ್ಲಿ ಯಾರಿಗೂ ಅನುಚಿತ ಲಾಭ ಸಿಕ್ಕಿಲ್ಲ. ಸರ್ಕಾರಿ ನೌಕರ ಸುಳ್ಳು ದಾಖಲೆ ರಚಿಸುವುದು ಅಂದಿನ ದಂಡಸಂಹಿತೆಯ 167ನೇ ಕಲಮಿನಲ್ಲಿ ಅಪರಾಧ. ಆದರೆ ಯಾರಿಗಾದರೂ ಹಾನಿ ಮಾಡುವ ಉದ್ದೇಶ, ಇಲ್ಲವೇ ಹಾನಿಯಾಗಬಹುದೆಂಬ ಅರಿವು ಇತ್ತು ಎಂದು ತೋರಿಸಬೇಕು. ಈ ಹುಡುಗನಿಗೆ ಅಜ್ಜಿಯ ಮುಖವೇ ಗೊತ್ತಿರಲಿಲ್ಲ.

ಸಕಾಲ ನೋಡೋಣ. 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿ. ಗಡುವಿನೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500, ಅಧಿಕಾರಿಯ ಜೇಬಿನಿಂದ. ಒಳ್ಳೆಯ ಕಾನೂನು. ಆದರೆ ಅದರ ಗಡಿಯಾರ ಓಡಲು ಶುರುವಾಗುವುದು ನಾಗರಿಕ ಅರ್ಜಿ ಕೊಟ್ಟ ದಿನದಿಂದ. ಅಜ್ಜಿ ಏನನ್ನೂ ಕೇಳಿರಲಿಲ್ಲ, ಇದ್ದದ್ದನ್ನು ಸರ್ಕಾರ ತಾನಾಗಿ ಕಿತ್ತುಕೊಂಡಿತು. ಕೊಡುವುದು ತಡವಾದರೆ ದಂಡವಿದೆ, ತಪ್ಪಾಗಿ ಕಿತ್ತುಕೊಂಡರೆ ಸಕಾಲದಲ್ಲಿ ಒಂದು ದಿನವೂ ಎಣಿಕೆಯಾಗುವುದಿಲ್ಲ.

ಹೆಚ್ಚು ಹತ್ತಿರ ಬರುವುದು 1984ರ ಲೋಕಾಯುಕ್ತ ಕಾಯ್ದೆ. 2022ರ ಆಗಸ್ಟ್ 11ರಂದು ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿದಾಗ ಪತ್ರಿಕೆಗಳು ಬರೆದದ್ದೆಲ್ಲ ದಾಳಿ, ಟ್ರ್ಯಾಪ್‌ಗಳ ಬಗ್ಗೆ. ಅದೇ ಕಾಯ್ದೆಯಲ್ಲಿ ದುರಾಡಳಿತದಿಂದ ಅನ್ಯಾಯವಾದ ಸಾಮಾನ್ಯನ ಕುಂದುಕೊರತೆಯನ್ನು ವಿಚಾರಿಸುವ ಅಧಿಕಾರವೂ ಇದೆ, ಅದಕ್ಕೆ ಲಂಚ ನಡೆದಿರಬೇಕೆಂದೇನಿಲ್ಲ. ನಿಗದಿತ ನಮೂನೆ, ಜೊತೆಗೆ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು. ನಾವು ನಮೂನೆ ತುಂಬಿ ಸಿದ್ಧವಾಗಿದ್ದೆವು. ಅಜ್ಜಿ ಬೇಡವೆಂದರು. ‘ಚಿಕ್ ಹುಡ್ಗ, ಅವ್ನ್ ಅನ್ನಕ್ಕೆ ನಾನ್ಯಾಕ್ ಮಣ್ಣಾಕ್ಲಿ? ನಂದು ನಂಗ್ ಬಂದ್ರೆ ಸಾಕು.’

ಅವರ ದೊಡ್ಡತನ ಅವರದು. ಆಮೇಲೆ ಕಚೇರಿ ಅದನ್ನು ಬಳಸಿಕೊಂಡ ರೀತಿ ಮಾತ್ರ ನನಗೆ ಹಿಡಿಸಲಿಲ್ಲ. ವಿಚಾರಣಾ ವರದಿಯಲ್ಲಿ ಒಂದು ಸಾಲು ಸೇರಿತು: ‘ದೂರುದಾರರು ಸದರಿ ನೌಕರರ ವಿರುದ್ಧ ಯಾವುದೇ ಕ್ರಮ ಬಯಸಿರುವುದಿಲ್ಲ.’ ಕ್ಷಮಿಸುವ ಹಕ್ಕು ಅಜ್ಜಿಗಿತ್ತು. ಆ ಕ್ಷಮೆಯ ನೆರಳಿನಲ್ಲಿ ಮೇಲಿನ ನಾಲ್ಕು ರುಜುಗಳನ್ನು ನಿಲ್ಲಿಸುವ ಹಕ್ಕು ಕಚೇರಿಗೆ ಎಲ್ಲಿಂದ ಬಂತು?

ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಕಲಮು ಜನರಿಗೆ ಹೆಚ್ಚು ಗೊತ್ತಿಲ್ಲ. ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣವನ್ನು ಪ್ರಾಧಿಕಾರ ತಾನಾಗಿಯೇ ತಿಳಿಸಬೇಕು ಎನ್ನುತ್ತದೆ ಅದು. ಅಜ್ಜಿಗೆ ಒಂದು ನೋಟಿಸ್ ಯಾಕೆ ಕೊಡಲಿಲ್ಲ ಎಂದು ಮೇಲ್ಮನವಿಯ ದಿನ ಕೇಳಿದಾಗ ಸಿಕ್ಕ ಉತ್ತರ: ‘ಸತ್ತವರಿಗೆ ನೋಟಿಸ್ ಹೇಗೆ ಕೊಡೋದು?’ ಕೇಳಲು ಜಾಣ ಮಾತು. ಕೊಟ್ಟಿದ್ದರೆ ಅಂಚೆಯಣ್ಣ ಅಜ್ಜಿಯ ಕೈಗೇ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಿದ್ದ, ಆ ಹೆಬ್ಬೆಟ್ಟೇ ಸಾಕಾಗುತ್ತಿತ್ತು.

ಇಂಥ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಜೋರಾಗಿ ಓದಿದರೆ ಸಾಕು, ಬೇರೆ ತಂತ್ರಜ್ಞಾನ ಬೇಕಿಲ್ಲ ಎಂಬುದು ನನ್ನ ಅನಿಸಿಕೆ. ಅಜ್ಜಿಯ ಹೆಸರು ಬಂದಾಗ ಅರಳಿಕಟ್ಟೆಯಲ್ಲಿ ಕೂತವರೇ ‘ಅಲ್ಲೇ ಕೂತವ್ರಲ್ಲ’ ಎಂದು ತೋರಿಸುತ್ತಿದ್ದರು. ಆಳುವವರು ಜನರೆದುರು ಲೆಕ್ಕ ಓದಿ ಹೇಳುವುದು ಮೈಸೂರು ಸೀಮೆಗೆ ಹೊಸತಲ್ಲ. 1881ರ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದು ಆಡಳಿತದ ವಿವರವನ್ನು ಮುಂದಿಟ್ಟರು. ಬಂದವರು ಜಮೀನ್ದಾರರು, ವರ್ತಕರೇ ಹೆಚ್ಚು, ಅಧಿಕಾರವೂ ಇರಲಿಲ್ಲ ಎಂಬುದು ನಿಜ. ಆದರೂ ದಿವಾನರೇ ಓದಿ ಹೇಳಿದ್ದರು. ನಿಲ್ಲಿಸಿದ ಪಿಂಚಣಿಗಳ ಪಟ್ಟಿಯನ್ನು ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸುವುದು ಅದಕ್ಕಿಂತ ದೊಡ್ಡ ಕೆಲಸವೇನಲ್ಲ.

ಆದೇಶ, ಆಮೇಲೆ

ಅಷ್ಟರಲ್ಲಿ ಹಳೆಯ ತಹಶೀಲ್ದಾರರು ವರ್ಗವಾಗಿದ್ದರು. ಹೊಸಬರು ದಿನಚರಿ, ಮರಣ ಪುಸ್ತಕ, ರೇಷನ್ ಚೀಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ಹಿಂದಿನ ಆದೇಶವನ್ನು ‘ತಪ್ಪು ವರದಿಯ ಆಧಾರದ ಮೇಲೆ ಹೊರಡಿಸಲಾಗಿದ್ದು’ ಎಂದು ಬರೆದೇ ರದ್ದುಪಡಿಸಿದರು. ನಾನು ಕಂಡ ಇಂಥ ಆದೇಶಗಳಲ್ಲಿ ‘ತಾಂತ್ರಿಕ ಕಾರಣದಿಂದ’ ಎಂದು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು, ಅದಕ್ಕಾಗಿ ಈ ಹೊಸ ತಹಶೀಲ್ದಾರರ ಬಗ್ಗೆ ಗೌರವ ಮೂಡಿತು. ಅಜ್ಜಿಯ ಪಿಂಚಣಿ ಹಳೆಯ ಸಂಖ್ಯೆಯಲ್ಲೇ ಮತ್ತೆ ಶುರುವಾಯಿತು.

ಗ್ರಾಮ ಲೆಕ್ಕಿಗರಿಗೆ ಕಾರಣ ಕೇಳಿ ನೋಟಿಸ್, ಬಳಿಕ 1957ರ ಶಿಸ್ತು ನಿಯಮಗಳಡಿ ವಾಗ್ದಂಡನೆ. ರಾಜಸ್ವ ನಿರೀಕ್ಷಕರಿಂದ ಮೇಲಿನವರಿಗೆ ಏನೂ ಇಲ್ಲ, ‘ಅಧೀನ ನೌಕರರ ವರದಿಯನ್ನು ಅವಲಂಬಿಸಿರುತ್ತಾರೆ’ ಎಂಬುದು ಕೊಟ್ಟ ಕಾರಣ. ವಾಗ್ದಂಡನೆ ತಪ್ಪು ಎನ್ನಲಾರೆ, ಸುಳ್ಳು ಬರೆದವರು ಅವರೇ. ಆದರೆ ವರದಿಯನ್ನು ಪರಿಶೀಲಿಸುವುದಕ್ಕೆಂದೇ ಇರುವ ಹುದ್ದೆಯವರು ವರದಿಯನ್ನು ನಂಬಿದೆ ಎಂದರೆ ಅದು ತಪ್ಪೊಪ್ಪಿಗೆ, ನಮ್ಮಲ್ಲಿ ಅದನ್ನೇ ಸಮರ್ಥನೆಯಾಗಿ ಸ್ವೀಕರಿಸುತ್ತಾರೆ.

ಸತ್ತ ಅಜ್ಜಿಯ ಮನೆಗೆ ವಸೂಲಾತಿ ನೋಟಿಸ್ ವಾರದೊಳಗೆ ಬಂತು. ಮೊಮ್ಮಗ ಆಲೆಮನೆಯಲ್ಲಿ ದಿನಗೂಲಿ. ಕಂತಿನಲ್ಲಿ ಕಟ್ಟುವುದಾಗಿ ಬರೆದುಕೊಟ್ಟು ಕಟ್ಟತೊಡಗಿದ. ಬದುಕಿದ್ದ ಅಜ್ಜಿಗೆ ಬರಬೇಕಾದ ಬಾಕಿಯ ಕಡತ (ಅದಾಲತ್‌ವರೆಗಿನ ಹನ್ನೊಂದು ತಿಂಗಳಿಗೇ 13,200 ರೂಪಾಯಿ) ‘ಮಾರ್ಗದರ್ಶನ ಕೋರಿ’ ಜಿಲ್ಲೆಗೆ ಹೋಯಿತು, ಅಲ್ಲಿಂದ ಬೆಂಗಳೂರಿನ ನಿರ್ದೇಶನಾಲಯಕ್ಕೆ. ಸಾರ್ವಜನಿಕ ಅಧಿಕಾರಿಯ ಕಿರುಕುಳಕ್ಕೆ ಪರಿಹಾರ ಕೊಡುವಾಗ ಅದನ್ನು ಜನರ ತೆರಿಗೆಯಿಂದ ಭರಿಸಿ ಬಿಡದೆ ಹೊಣೆಗಾರರಿಂದ ವಸೂಲು ಮಾಡಬೇಕೆಂದು ಸುಪ್ರೀಂ ಕೋರ್ಟ್ 1993ರಲ್ಲೇ, ಲಕ್ನೋ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತ ಪ್ರಕರಣದಲ್ಲಿ ಹೇಳಿದೆ. ಇಲ್ಲಿ ಕೇಳುತ್ತಿರುವುದು ಪರಿಹಾರವೂ ಅಲ್ಲ, ಅವರದೇ ಬಾಕಿ.

ಪಟ್ಟಿಯ ಉಳಿದ ಹೆಸರುಗಳನ್ನೂ ಮನೆಮನೆಗೆ ಹೋಗಿ ನೋಡಿಸಿರಿ ಎಂದು ಅಜ್ಜಿಯ ಅರ್ಜಿಯಲ್ಲೇ ಕೇಳಿದ್ದೆವು. ಹೊಸ ತಹಶೀಲ್ದಾರರು ನೋಡಿಸಿದರು. ಇನ್ನಿಬ್ಬರು ಬದುಕಿರುವವರು ಸಿಕ್ಕರು. ಒಬ್ಬರು ಮಗಳ ಮನೆಗೆಂದು ಕೆ.ಆರ್. ಪೇಟೆ ಕಡೆ ಹೋಗಿ ಇದ್ದವರು, ಅವರ ಆದೇಶವೂ ರದ್ದಾಗಿ ಹಣ ಶುರುವಾಯಿತು. ಇನ್ನೊಬ್ಬರು ‘ಹೊಸ ಅರ್ಜಿ ಹಾಕಿಬಿಡಿ’ ಎಂಬ ಮಾತು ಕೇಳಿ ಆಗಲೇ ಹಾಕಿ, ಆಗಲೇ ಪಡೆಯುತ್ತಿದ್ದವರು. ಅವರಿಗೆ ನಿಂತಿದ್ದ ತಿಂಗಳುಗಳ ಬಾಕಿ ಕೇಳೋಣವೆಂದು ಹೋದರೆ, ಕಂಪ್ಯೂಟರಿನಲ್ಲಿ ಅವರು ಮೊದಲ ಬಾರಿಗೆ ಪಿಂಚಣಿಗೆ ಅರ್ಹರಾದದ್ದೇ ಆ ಹೊಸ ಆದೇಶದ ದಿನ ಎಂದಿತ್ತು. ಹಳೆಯ ಸಂಖ್ಯೆ ಹೊಡೆದರೆ ಈಗಲೂ ‘ಮೃತ’ ಎಂದೇ ತೋರಿಸುತ್ತದೆ.